ವೈರಸ್ ಸಾಯಬೇಕು, ಆಕಾರ ಉಳಿಯಬೇಕು

ಕುಂದಾಪುರ ಮತ್ತು ಬೈಂದೂರು ತಾಲ್ಲೂಕುಗಳ ಮೂಡಣ ಊರುಗಳು ಸಹ್ಯಾದ್ರಿಯ ಬುಡಕ್ಕೆ ಒರಗಿಕೊಂಡಿವೆ. ಹೊಸಂಗಡಿಯಿಂದ ಹುಲಿಕಲ್ ಘಾಟಿಯನ್ನೋ ಕೊಲ್ಲೂರಿನಿಂದ ನಾಗೋಡಿಯ ದಾರಿಯನ್ನೋ ಹತ್ತಿದರೆ ಹೊಸನಗರದ ಸೀಮೆ ತೊಡಗುತ್ತದೆ. ಆ ಮಲೆನಾಡಿನಲ್ಲಿ ಆರು ದಶಕಗಳಿಗೂ ಮಿಕ್ಕಿ ನೆಲೆಯೂರಿರುವ ಮಂಗನ ಕಾಯಿಲೆಯು ಘಟ್ಟದ ಸಾಲನ್ನು ತನ್ನ ಗಡಿಯೆಂದು ಬಗೆದಿಲ್ಲ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಉಲ್ಬಣಿಸಿದಾಗ ಅಲ್ಲಿಯ ರೋಗಿಗಳು ಘಟ್ಟ ಇಳಿದು ಮಣಿಪಾಲದ ಆಸ್ಪತ್ರೆಗೆ ಬಂದರು, ಅದೇ ವೇಳೆಗೆ ಉಡುಪಿ ಜಿಲ್ಲೆಯಲ್ಲಿ ಸತ್ತುಬಿದ್ದ ಮಂಗಗಳಲ್ಲಿಯೂ ವೈರಸ್ ಇರುವುದು ಪತ್ತೆಯಾಯಿತು. ಈ ವೈರಸ್ಸನ್ನು ಕೊಂದು, ಕೊಂದ ವೈರಸ್ಸಿನಿಂದಲೇ ಜನರನ್ನು ಕಾಯುವ ಲಸಿಕೆಯೊಂದು ಹೇಗೆ ರೂಪುಗೊಂಡಿತು, ಏಕೆ ಸೋತಿತು ಎಂಬುದು ಕರಾವಳಿಯ ಈ ಅಂಚಿಗೂ ನೇರವಾಗಿ ತಟ್ಟುವ ಸಂಗತಿ.

ರೋಗ ಹರಡುವ ಬಗೆಯನ್ನು ಮೊದಲು ಗಮನಿಸಬೇಕು. ಮಳೆಗಾಲ ಕಳೆದು ಬಿಸಿಲೇರಿದ ಮೇಲೆ ಹಾಡಿಯಲ್ಲಿ ಉದುರಿದ ದರಲೆಯನ್ನು ಗುಡಿಸಿ, ಹೆಡಿಗೆಯಲ್ಲಿ ತುಂಬಿ ತಂದು ಹಟ್ಟಿಗೆ ಹಾಸಿ, ಮುಂದೆ ಅದನ್ನೇ ಗೊಬ್ಬರವಾಗಿ ಗದ್ದೆಗೂ ತೋಟಕ್ಕೂ ಸಾಗಿಸುವುದು ಇಲ್ಲಿಯ ಕೃಷಿಯ ವಾಡಿಕೆ. ಇದೇ ತಿಂಗಳುಗಳಲ್ಲಿ ಎಳ್ಳಿಗಿಂತ ಚಿಕ್ಕದಾದ ಮರಿ ಉಣುಗುಗಳು ಕಾಡಿನ ನೆಲದ ತುಂಬ ಹಬ್ಬಿರುತ್ತವೆ. ಸೋಂಕು ತಗಲಿ ಮಂಗ ಸತ್ತರೆ ಅದರ ಮೈಯಲ್ಲಿದ್ದ ಉಣುಗುಗಳು ತಣ್ಣಗಾದ ಶವವನ್ನು ತೊರೆದು ನೆಲಕ್ಕಿಳಿಯುತ್ತವೆ; ಆರೋಗ್ಯ ಇಲಾಖೆಯವರು ಶವದ ಸುತ್ತಲಿನ ನೆಲಕ್ಕೆ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಎರಚುವುದು ಈ ಕಾರಣಕ್ಕೆ. ವೈರಸ್ ಹೊತ್ತ ಉಣುಗುಗಳಿಂದ ಕಚ್ಚಿಸಿಕೊಂಡವರಲ್ಲಿ ತೀವ್ರ ಜ್ವರ, ಮೈಕೈ ನೋವು, ಕೆಲವೊಮ್ಮೆ ರಕ್ತಸ್ರಾವ ಕಾಣಿಸಿಕೊಳ್ಳುತ್ತದೆ, ಮತ್ತು ನೂರು ರೋಗಿಗಳಲ್ಲಿ ಮೂವರಿಂದ ಐವರು ಸಾಯುತ್ತಾರೆ. ಈ ವೈರಸ್ಸನ್ನೇ ಗುರಿಯಾಗಿಸಿದ ಔಷಧಿ ಇಂದಿಗೂ ಇಲ್ಲದಿರುವುದರಿಂದ ಲಸಿಕೆಯ ಮೇಲೆ ಅಷ್ಟೊಂದು ಭರವಸೆ ಇಡಲಾಗಿತ್ತು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಮನುಷ್ಯರೂ ಒಟ್ಟೊಟ್ಟಿಗೆ ಸಾಯತೊಡಗಿದಾಗ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಆತಂಕ ಮೂಡಿತ್ತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಲ್ಲ, ರಷ್ಯಾದಲ್ಲಿ ವಸಂತ ಹಾಗೂ ಬೇಸಿಗೆಯಲ್ಲಿ ಉಣುಗಿನಿಂದ ಹರಡುವ ಮಿದುಳಿನ ಉರಿಯೂತದ ವೈರಸ್ಸಿಗೆ ಹತ್ತಿರದ ನಂಟು ಎಂಬುದು ತಿಳಿಯಿತು. ಆ ರಷ್ಯನ್ ರೋಗಕ್ಕೆ ಇಲಿಯ ಮಿದುಳಿನಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಕೊಂದ ವೈರಸ್ಸಿನ ಲಸಿಕೆ ಅಮೆರಿಕದಲ್ಲಿ ಸಿದ್ಧವಿತ್ತು. ನೆಂಟ ವೈರಸ್ಸಿನ ಲಸಿಕೆ ಇದಕ್ಕೂ ಒದಗೀತೆಂದು ಶಿವಮೊಗ್ಗದ ಹಳ್ಳಿಗಳಲ್ಲಿ ಅದನ್ನು ಕೊಟ್ಟು ನೋಡಲಾಯಿತು, ಆದರೆ ಅದು ರಕ್ಷಣೆ ನೀಡಲಿಲ್ಲ. ಕ್ಯಾಸನೂರಿನ ವೈರಸ್ಸಿಗೆ ಅದರದ್ದೇ ಲಸಿಕೆ ಬೇಕೆಂಬುದು ಅಲ್ಲಿಗೆ ಖಚಿತವಾಯಿತು.

ವೈರಸ್ಸನ್ನು ಕೊಲ್ಲುವುದೆಂದರೆ ಅದು ಜೀವಕೋಶದೊಳಗೆ ಹೊಕ್ಕು ತನ್ನ ಸಂತತಿಯನ್ನು ಬೆಳೆಸಿಕೊಳ್ಳಲಾರದಂತೆ ಮಾಡುವುದು. ವಿಜ್ಞಾನದ ಬರಹಗಳಲ್ಲಿ ಇದನ್ನು ನಿಷ್ಕ್ರಿಯಗೊಳಿಸುವುದು ಎನ್ನುತ್ತಾರೆ. ಮಂಗನ ಕಾಯಿಲೆಯ ವೈರಸ್ಸಿಗೆ ಹೊರಗೆ ಕೊಬ್ಬಿನ ಪೊರೆ, ಪೊರೆಯ ಮೇಲೆ ಪ್ರೋಟೀನುಗಳ ಹೊದಿಕೆ, ಒಳಗೆ ಅದರ ಆನುವಂಶಿಕ ಬರಹವಾದ ಆರ್‌ಎನ್‌ಎ ಎಳೆಯೊಂದಿದೆ. ಕುದಿಸಿದರೂ ಸಾಬೂನು ಹಾಕಿದರೂ ಇಂತಹ ವೈರಸ್ ಸಾಯುತ್ತದೆ, ಆದರೆ ಹಾಗೆ ಸತ್ತದ್ದರ ಹೊರಮೈ ಕೆಟ್ಟುಹೋಗುವುದರಿಂದ ದೇಹವು ಅದನ್ನು ನೋಡಿ ಅಸಲಿ ಶತ್ರುವನ್ನು ಗುರುತಿಸಲು ಕಲಿಯಲಾರದು. ಹೊರಮೈಯ ಆಕಾರವನ್ನು ಆದಷ್ಟು ಹಾಗೆಯೇ ಉಳಿಸಿ ಕೊಲ್ಲುವುದರಲ್ಲಿಯೇ ಲಸಿಕೆ ತಯಾರಿಕೆಯ ಕಷ್ಟವೆಲ್ಲ ಅಡಗಿದೆ. ಫಾರ್ಮಲಿನ್, ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್ ಅನಿಲ, ಪ್ರೋಟೀನುಗಳ ನಡುವೆ ಪುಟ್ಟ ಸೇತುವೆಗಳನ್ನು ಕಟ್ಟಿ ಅವುಗಳನ್ನು ಬಿಗಿಯುತ್ತದೆ, ಆರ್‌ಎನ್‌ಎಯನ್ನೂ ಕೆಡಿಸುತ್ತದೆ. ಅದರ ಕೆಲಸ ನಿಧಾನದ್ದು, ದಿನಗಟ್ಟಲೆ ಕಾಯಬೇಕು. ಅವಸರಿಸಿದರೆ ಜೀವಂತ ವೈರಸ್ ಉಳಿದೀತು, 1955ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಸಾಯದ ಪೋಲಿಯೊ ವೈರಸ್ ಇದ್ದ ಲಸಿಕೆಯಿಂದಲೇ ಮಕ್ಕಳು ಪಾರ್ಶ್ವವಾಯುವಿಗೆ ತುತ್ತಾದದ್ದು ಹೀಗೆ. ಅತಿಯಾದರೆ ಪ್ರೋಟೀನಿನ ಚಹರೆಯೇ ಅಳಿಸಿಹೋಗುತ್ತದೆ.

ಪುಣೆಯ ವಿಜ್ಞಾನಿಗಳು 1960ರ ದಶಕದಲ್ಲಿ ಇಲಿಯ ಮಿದುಳನ್ನು ಬಿಟ್ಟು ಕೋಳಿಮೊಟ್ಟೆಯತ್ತ ತಿರುಗಿದರು. ಮೊಟ್ಟೆಯೊಳಗಿನ ಭ್ರೂಣದ ಅಂಗಾಂಶವನ್ನು ಬಿಡಿಸಿ ಗಾಜಿನ ಪಾತ್ರೆಯಲ್ಲಿ ಜೀವಕೋಶಗಳ ಹಾಸನ್ನು ಬೆಳೆಸಿ, ಅದಕ್ಕೆ ವೈರಸ್ ಉಣಿಸಿ, ವೈರಸ್ ತುಂಬಿದ ದ್ರವವನ್ನು ಬಸಿದುಕೊಂಡು ಅದಕ್ಕೆ ಫಾರ್ಮಲಿನ್ ಬೆರೆಸುವ ವಿಧಾನವನ್ನು ಅವರು ಕಂಡುಕೊಂಡರು. 1990ರಿಂದ 1992ರವರೆಗೆ ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಈ ಲಸಿಕೆಯ ಒಂದು ಡೋಸ್ ಶೇ 79.3ರಷ್ಟು, ಎರಡು ಡೋಸ್‌ಗಳು ಶೇ 93.5ರಷ್ಟು ರಕ್ಷಣೆ ಕೊಟ್ಟವೆಂದು ವರದಿಯಾಯಿತು. ಮುಂದೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ತಯಾರಾದ ಲಸಿಕೆಯನ್ನು, ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಬಳಿಕ ವರ್ಷವರ್ಷವೂ ಬೂಸ್ಟರ್ ಎಂಬ ಕ್ರಮದಲ್ಲಿ ಕಾಡಂಚಿನ ಜನರಿಗೆ ಕೊಡಲಾಯಿತು.

ಆದರೆ 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಆಧರಿಸಿದ ಅಧ್ಯಯನವೊಂದರಲ್ಲಿ ಎರಡು ಡೋಸ್‌ಗಳ ಫಲ ಶೇ 62.4ಕ್ಕೆ ಇಳಿದಿತ್ತು; ಬೂಸ್ಟರ್ ಪಡೆದವರಲ್ಲಿಯೂ ಅದು ಶೇ 82.9 ಮಾತ್ರ. ಚುಚ್ಚಿದ ಜಾಗದ ನೋವಿಗೆ ಹೆದರಿ ಹಲವರು ಮರಳಿ ಬೂಸ್ಟರಿಗೆ ಬರುತ್ತಿರಲಿಲ್ಲ. ಕೂಲಿ ಬಿಟ್ಟು ಬಂದು, ನೋವು ತಿಂದು, ಅರೆಬರೆ ರಕ್ಷಣೆ ಪಡೆಯುವ ಲಸಿಕೆಯನ್ನು ನಿರಾಕರಿಸಿದ ಹಳ್ಳಿಗರನ್ನು ಅಜ್ಞಾನಿಗಳೆಂದು ದೂರುವುದು ನ್ಯಾಯವಲ್ಲ. ಕೊನೆಗೆ 2022ರಲ್ಲಿ ಅದರ ಬಳಕೆಯೇ ನಿಂತಿತು.

ಫಾರ್ಮಲಿನ್‌ಗೆ ಬದಲಿ ದಾರಿಗಳ ಹುಡುಕಾಟ ಜಗತ್ತಿನ ಬೇರೆಡೆ ನಡೆದಿದೆ, ಅವುಗಳಲ್ಲಿ ಶೀತಲ ಪ್ಲಾಸ್ಮಾ ಒಂದು. ಪ್ಲಾಸ್ಮಾ ಎಂದರೆ ಎಲೆಕ್ಟ್ರಾನುಗಳು ಪರಮಾಣುಗಳಿಂದ ಕಳಚಿಕೊಂಡ ಅನಿಲ. ಮಿಂಚಿನಲ್ಲಿ ಇಡೀ ಅನಿಲವೇ ಕಾದಿರುತ್ತದೆ. ಶೀತಲ ಪ್ಲಾಸ್ಮಾದಲ್ಲಾದರೋ ಹಗುರವಾದ ಎಲೆಕ್ಟ್ರಾನುಗಳಷ್ಟೇ ಅಪಾರ ಶಕ್ತಿ ಪಡೆದಿದ್ದು, ಉಳಿದ ಅನಿಲವು ಕೈಗೆ ತಾಗಿದರೂ ಸುಡದಷ್ಟು ತಂಪಾಗಿರುತ್ತದೆ. ಜರ್ಮನಿಯ ವೆರ್ನರ್ ಫಾನ್ ಸೀಮೆನ್ಸ್ 1857ರಲ್ಲಿಯೇ ಗಾಜಿನ ತಡೆಯ ನಡುವೆ ವಿದ್ಯುತ್ ಹರಿಸಿ ಇದೇ ತತ್ತ್ವದಿಂದ ಓಝೋನ್ ತಯಾರಿಸಿದ್ದರು. ಅಂತಹ ಪ್ಲಾಸ್ಮಾದಲ್ಲಿ ಹುಟ್ಟುವ ಓಝೋನ್, ಹೈಡ್ರಾಕ್ಸಿಲ್, ನೈಟ್ರಿಕ್ ಆಕ್ಸೈಡ್ ಮೊದಲಾದ ಚುರುಕು ಕಣಗಳು ವೈರಸ್ಸಿನ ಪೊರೆಯನ್ನೂ ಪ್ರೋಟೀನನ್ನೂ ಉತ್ಕರ್ಷಿಸಿ, ಅಂದರೆ ಆಮ್ಲಜನಕದ ಕ್ರಿಯೆಯಿಂದ ಕೆಡಿಸಿ, ಕೆಲವೇ ನಿಮಿಷಗಳಲ್ಲಿ ಅದನ್ನು ಮುಗಿಸುತ್ತವೆ. 2020ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಪ್ಲಾಸ್ಟಿಕ್, ಲೋಹ, ಚರ್ಮ ಮುಂತಾದ ಮೇಲ್ಮೈಗಳ ಮೇಲಿದ್ದ ಕೊರೊನಾ ವೈರಸ್ಸನ್ನು ಆರ್ಗಾನ್ ಅನಿಲದ ಪ್ಲಾಸ್ಮಾ ಮೂರು ನಿಮಿಷದೊಳಗೆ ನಿಷ್ಕ್ರಿಯಗೊಳಿಸಿತು. ಲಸಿಕೆಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದುದು 2016ರಲ್ಲಿ ಪ್ರಕಟವಾದ ಕೋಳಿಗಳ ಪ್ರಯೋಗ: ಕೊಕ್ಕರೆ ರೋಗ ಮತ್ತು ಹಕ್ಕಿಜ್ವರದ ವೈರಸ್ಸುಗಳನ್ನು ಫಾರ್ಮಲಿನ್ ಬದಲು ಪ್ಲಾಸ್ಮಾದಿಂದ ಕೊಂದು ಲಸಿಕೆಯಾಗಿ ಚುಚ್ಚಿದಾಗ ಕೋಳಿಗಳಲ್ಲಿ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಹಿಡಿದಿಡುವ ರಕ್ತದ ಪ್ರೋಟೀನುಗಳು, ಮೂಡಿದವು. ಪ್ಲಾಸ್ಮಾದ ಹೊಡೆತ ಒಂದಿಷ್ಟು ಹೆಚ್ಚಾದರೂ ಹೊರಮೈ ಛಿದ್ರವಾಗುವುದರಿಂದ ಇಲ್ಲಿಯೂ ಅಳತೆಯ ಪ್ರಶ್ನೆ ಹಳೆಯದೇ.

ಮಂಗನ ಕಾಯಿಲೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ ಸೇರಿ ಸಿದ್ಧಪಡಿಸುತ್ತಿರುವ ಹೊಸ ಲಸಿಕೆಯೂ ನಿಷ್ಕ್ರಿಯಗೊಳಿಸಿದ ವೈರಸ್ಸಿನದ್ದೇ. ಎರಡು ಡೋಸ್‌ಗಳ ಈ ಲಸಿಕೆಗೆ ದೇಹದ ಪ್ರತಿಕ್ರಿಯೆಯನ್ನು ಹುರಿದುಂಬಿಸುವ ಪೂರಕ ದ್ರವ್ಯವನ್ನು ಸೇರಿಸಲಾಗಿದೆ. ಅದು ಹೊಸಂಗಡಿ, ಕೊಲ್ಲೂರಿನ ಕಡೆಯ ಆರೋಗ್ಯ ಕೇಂದ್ರಗಳಿಗೆ ತಲುಪುವ ತನಕ, ಹಾಡಿಗೆ ಹೋಗುವ ಮುನ್ನ ಉಣುಗು ಕಚ್ಚದಂತೆ ಕೈಕಾಲಿಗೆ ಆರೋಗ್ಯ ಇಲಾಖೆಯ ಡೀಪಾ ತೈಲ ಹಚ್ಚಿಕೊಳ್ಳುವುದು, ಮನೆಗೆ ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ ಉಟ್ಟ ಬಟ್ಟೆ ಒಗೆಯುವುದು, ಮಂಗ ಸತ್ತ ಸುದ್ದಿಯನ್ನು ಅಂದೇ ಆಶಾ ಕಾರ್ಯಕರ್ತೆಗೆ ಮುಟ್ಟಿಸುವುದು ಇವೇ ಕೈಯಲ್ಲಿರುವ ರಕ್ಷಣೆ.