ದೂರಸಂಪರ್ಕದ ನ್ಯಾಯಪೀಠದಲ್ಲಿ ಕನ್ನಡಿಗ

ಸಹೋದರಿಯರೇ, ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಯಾವ ಮನೆಯಲ್ಲಿ ಇಂದು ಮೊಬೈಲ್ ಇಲ್ಲ? ಹುಬ್ಬಳ್ಳಿಗೆ ದುಡಿಯಲು ಹೋದ ಮಗನ ದನಿ, ತವರಿನ ಸುದ್ದಿ ಎಲ್ಲವೂ ಅದರಲ್ಲೇ. ಆದರೆ ಕೇಳದ ಸೇವೆಗೆ ಹಣ ಕಡಿತವಾದಾಗ, "ದೊಡ್ಡ ಕಂಪೆನಿಯ ಎದುರು ನಮ್ಮದೇನು ನಡೆಯುತ್ತದೆ" ಎಂದು ಸುಮ್ಮನಾಗುತ್ತೇವೆ.

ಅಂಥ ದೊಡ್ಡ ಕಂಪೆನಿಗಳೂ ತಲೆಬಾಗಿ ನಿಲ್ಲಬೇಕಾದ ಪೀಠವೊಂದಿದೆ. ಅದು 2000ದಲ್ಲಿ ಸ್ಥಾಪನೆಯಾದ ದೂರಸಂಪರ್ಕ ವಿವಾದ ನ್ಯಾಯಮಂಡಳಿ, ಅರ್ಥಾತ್ ಟಿಡಿಸ್ಯಾಟ್. ಸರಕಾರ ಹಾಗೂ ಕಂಪೆನಿಗಳ ನಡುವಿನ ವ್ಯಾಜ್ಯ, ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆದೇಶಗಳ ಮೇಲಿನ ಮೇಲ್ಮನವಿ ಅಲ್ಲಿ ತೀರ್ಮಾನವಾಗುತ್ತವೆ. 2005ರಲ್ಲಿ ಅದರ ಅಧ್ಯಕ್ಷರಾದವರು ನಿಟ್ಟೆ ಮೂಲದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ.

1966ರಲ್ಲಿ ವಕೀಲಿ ವೃತ್ತಿಗಿಳಿದ ಅವರು 1984ರಿಂದ 1988ರವರೆಗೆ ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದರು. 1999ರಲ್ಲಿ ವಕೀಲಿಯಿಂದ ನೇರವಾಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಇದು ಬಹಳ ವಿರಳ. ನಿಷ್ಠುರತೆ ಮನೆಯಿಂದಲೇ ಬಂದದ್ದು. ತಂದೆ ಕೆ.ಎಸ್. ಹೆಗ್ಡೆ, ಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ 1973ರಲ್ಲಿ ಸುಪ್ರೀಂ ಕೋರ್ಟ್ ಹುದ್ದೆಗೇ ರಾಜೀನಾಮೆಯಿತ್ತವರು. ಮಗ 2006ರಲ್ಲಿ ಲೋಕಾಯುಕ್ತರಾದರು. 2011ರ ಅವರ ಗಣಿ ವರದಿಯ ಬೆನ್ನಲ್ಲೇ ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿ ಬಿಡಬೇಕಾಯಿತು.

ಹಾಗಾದರೆ ನಮ್ಮ ರೀಚಾರ್ಜಿನ ದೂರಿಗೆ ದಿಲ್ಲಿಗೆ ಹೋಗಬೇಕೇ? ಬೇಡ. ಒಬ್ಬೊಬ್ಬ ಗ್ರಾಹಕರ ದೂರನ್ನು ಟಿಡಿಸ್ಯಾಟ್ ವಿಚಾರಿಸುವುದಿಲ್ಲ. ಮೊದಲು ಕಂಪೆನಿಗೆ ದೂರು ಕೊಟ್ಟು ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ವಿಭಾಗಕ್ಕೆ ಬರೆಯಿರಿ. ಅದೂ ಫಲಿಸದಿದ್ದರೆ ಧಾರವಾಡದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಮೊಬೈಲ್ ಗ್ರಾಹಕರು ಅಲ್ಲಿಗೆ ಹೋಗಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ಸಲಹೆಗೆ 1915ಕ್ಕೆ ಕರೆ ಮಾಡಬಹುದು.

ಹಣ ಸಣ್ಣದಿರಬಹುದು, ಹಕ್ಕು ಸಣ್ಣದಲ್ಲ. ಅನ್ಯಾಯ ಕಂಡಾಗ ನ್ಯಾಯದ ಪರ ಸಾಕ್ಷಿಯಾಗಿ ನಿಲ್ಲುವುದು ನಮ್ಮ ದೀನ್ ಕಲಿಸಿದ ಪಾಠ. ಅಳುಕದೆ ನಿಲ್ಲಬೇಕಾದರೆ ಕಾನೂನಿನ ತಿಳಿವಳಿಕೆ ಬೇಕು.

ಇನ್ನೊಂದು ಮಾತು. ಧಾರವಾಡಕ್ಕೆ 2008ರಲ್ಲಿ ಹೈಕೋರ್ಟ್ ಪೀಠ ಬಂದಿದೆ. ಹುಬ್ಬಳ್ಳಿಯ ನವನಗರದಲ್ಲಿ 2009ರಿಂದ ಕಾನೂನು ವಿಶ್ವವಿದ್ಯಾಲಯವಿದೆ. ಪಿಯುಸಿ ಮುಗಿದ ಮೇಲೆ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಕುಂದಗೋಳದಿಂದಲೋ ಕಲಘಟಗಿಯಿಂದಲೋ ಬಸ್ಸು ಹತ್ತಿದರೆ ಸಾಕು. "ಎದುರುತ್ತರ ಕೊಡುತ್ತಾಳೆ" ಎಂದು ಮಗಳನ್ನು ಗದರುವ ತಾಯಂದಿರೇ, ಆ ಮಾತಿಗೆ ಓದಿನ ಬಲ ಕೊಟ್ಟು ನೋಡಿ. ನಾಳೆ ನಿಮ್ಮೂರಿನ ಎಷ್ಟೋ ಹೆಣ್ಣುಮಕ್ಕಳ ಪರವಾಗಿ ಅವಳೇ ವಾದಿಸಿಯಾಳು.