ರಜೆಗೂ ಒಂದು ಚೀಟಿ ಇದ್ದಿದ್ದರೆ

ಗುಜರಾತಿಗೆ ಬಂದ ಹೊಸದರಲ್ಲಿ ನಾನು ಕಲಿತ ಪದಗಳಲ್ಲಿ ‘ವೀಶಿ’ಯೂ ಒಂದು. ನಮ್ಮ ಕಡೆಯ ಚೀಟಿಯೇ ಅದು. ವಡೋದರದಲ್ಲಿ ಎರಡು ವರ್ಷ ಇದ್ದಾಗಲೂ, ಪ್ರಾಜೆಕ್ಟಿಗಾಗಿ ಸೂರತ್‌ಗೆ ಓಡಾಡುವಾಗಲೂ, ಈಗ ಅಹಮದಾಬಾದಿನಲ್ಲೂ ನೋಡುತ್ತಿದ್ದೇನೆ: ಹತ್ತು ಜನ ಸೇರಿದಲ್ಲಿ ಒಂದು ನಿಧಿ ಹುಟ್ಟುತ್ತದೆ. 1920ರಲ್ಲಿ ಗಿರಣಿ ಕಾರ್ಮಿಕರ ಮಜೂರ್ ಮಹಾಜನ, 1972ರಲ್ಲಿ ಹೆಂಗಸರ ‘ಸೇವಾ’ ಹುಟ್ಟಿದ ಊರಿದು. ಆದರೆ ಇಲ್ಲಿನ ಸರ್ಕಾರಿ ನೌಕರರು ಒಟ್ಟುಗೂಡಿಸಲಾಗದ ಆಸ್ತಿಯೊಂದಿದೆ. ಅದು ರಜೆ.

ನಮ್ಮ ಅಪಾರ್ಟ್‌ಮೆಂಟಿನ ಹುಡುಗಿಯೊಬ್ಬಳು ಸ್ಥಳೀಯ ಸಂಸ್ಥೆಯೊಂದರಲ್ಲಿ ಗುಮಾಸ್ತೆ. ಇಲ್ಲಿ ಹೊಸ ನೇಮಕವೆಂದರೆ ಮೊದಲ ಐದು ವರ್ಷ ನಿಗದಿತ ಸಂಬಳ. ಅದನ್ನು ಮುಗಿಸಿ, ಕಾಯಂ ಆಗಿ ಎರಡು ವರ್ಷವಾಗಿತ್ತು, ಸ್ತನ ಕ್ಯಾನ್ಸರ್ ಪತ್ತೆಯಾಯಿತು. 21 ದಿನಕ್ಕೊಂದರಂತೆ ಆರು ಕೀಮೋ. ಅಂದರೆ ನಾಲ್ಕು ತಿಂಗಳು. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಬೇರೆ. ಗಳಿಕೆ ರಜೆಯನ್ನು ಅಪ್ಪನ ಕಾಯಿಲೆಗೇ ಖರ್ಚು ಮಾಡಿದ್ದಳು. ಅರ್ಧ ವೇತನ ರಜೆ ವರ್ಷಕ್ಕೆ 20 ದಿನ, ಎರಡು ವರ್ಷಕ್ಕೆ 40. ಪೂರ್ತಿ ಸಂಬಳಕ್ಕೆ ಪರಿವರ್ತಿಸಿದರೆ 20 ದಿನ. ಆಮೇಲೆ ಸಂಬಳವಿಲ್ಲದ ರಜೆ.

ಪಕ್ಕದ ಮೇಜಿನ ಹೆಡ್ ಕ್ಲರ್ಕ್ ನಿವೃತ್ತಿಯ ಅಂಚಿನಲ್ಲಿದ್ದವರು. ಅವರ ಖಾತೆಯಲ್ಲಿ 300 ದಿನ ತುಂಬಿತ್ತು. ಆ ಮಿತಿ ಮುಟ್ಟಿದ ಮೇಲೆ ಬಳಸದ ರಜೆ ಸುಮ್ಮನೆ ಲ್ಯಾಪ್ಸ್ ಆಗುತ್ತದೆ. ‘ನನ್ನದರಲ್ಲಿ ಹತ್ತು ದಿನ ತಗೊಳ್ಳಿ’ ಅಂದರಂತೆ. ನಿಯಮವಿಲ್ಲ ಎಂಬ ಉತ್ತರ ಬಂತು. ಕೊನೆಗೆ ಎಲ್ಲರೂ ಸೇರಿ ಲಕೋಟೆಯಲ್ಲಿ ದುಡ್ಡು ಕೊಟ್ಟರು. ದುಡ್ಡು ಕೊಡಬಹುದು, ದಿನ ಕೊಡಬಾರದು! ನಮ್ಮ ಕರ್ನಾಟಕದಲ್ಲೂ ರಜೆಯೆಂದರೆ ಅವರವರ ಖಾತೆಯೇ.

ತಮಾಷೆಯೆಂದರೆ, ಇಎಸ್‌ಐ ವ್ಯಾಪ್ತಿಯಲ್ಲಿರುವ ಸೂರತ್‌ನ ಡೈಯಿಂಗ್ ಮಿಲ್ ಕಾರ್ಮಿಕನಿಗೆ ಇಂಥ ನಿಧಿ ಇದೆ. ಎಲ್ಲರ ವಂತಿಗೆಯಿಂದ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ ಅರ್ಹತೆಯಿದ್ದರೆ ಎರಡು ವರ್ಷದವರೆಗೆ ಶೇ 80.

ಅಮೆರಿಕದಲ್ಲಿರುವ ನಿಮ್ಮಲ್ಲಿ ಕೆಲವರು ‘ಸಿಕ್ ಲೀವ್ ಪೂಲ್’ ನೋಡಿರಬಹುದು. ಟೆಕ್ಸಾಸ್‌ನಲ್ಲಿ ರಾಜ್ಯ ನೌಕರರಿಗೂ ಕೌಂಟಿ ನೌಕರರಿಗೂ ಕಾನೂನೇ ಇದೆ. ಆರೋಗ್ಯವಾಗಿರುವವರು ನಿಧಿಗೆ ರಜೆ ಹಾಕುತ್ತಾರೆ. ತನ್ನದು ಮುಗಿಸಿಕೊಂಡ ರೋಗಿ ತೆಗೆಯುತ್ತಾನೆ. ರಾಜ್ಯ ನೌಕರನಿಗೆ 90 ದಿನ ಅಥವಾ ನಿಧಿಯ ಮೂರನೇ ಒಂದು ಭಾಗ, ಯಾವುದು ಕಡಿಮೆಯೋ ಅಷ್ಟು. ಪ್ರೋಗ್ರಾಮರ್ ಕಣ್ಣಿಗೆ ಆ ಮೂರನೇ ಒಂದು ಭಾಗದ ಮಿತಿ ಬಹಳ ಹಿಡಿಸಿತು. ಒಬ್ಬರಿಂದಲೇ ನಿಧಿ ಬರಿದಾಗದು.

ನಿಧಿಯೇ ಬೇಕು, ನೇರ ದಾನ ಬೇಡ ಎಂಬುದು ನನ್ನ ಅಭಿಪ್ರಾಯ. ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ ರಜೆ ದಾನಕ್ಕೆ ಹೆಸರು, ಕಾಯಿಲೆ ಎಲ್ಲ ಬರೆದು ಇಡೀ ಆಫೀಸಿಗೆ ಮೇಲ್ ಹೋಗುತ್ತಿತ್ತು. ಜನಪ್ರಿಯರಿಗೆ ರಜೆ ರಾಶಿ ಬೀಳುತ್ತಿತ್ತು. ಮೂಲೆಯಲ್ಲಿ ಕೂತವರಿಗೆ ಎರಡೋ ಮೂರೋ ದಿನ. ನಿಧಿಯಲ್ಲಾದರೆ ಕೈಯೊಡ್ಡುವ ಪ್ರಶ್ನೆ ಬರುವುದಿಲ್ಲ.

ದುರುಪಯೋಗದ ಭಯ ಇದ್ದದ್ದೇ. ಅದಕ್ಕೆ ವೈದ್ಯಕೀಯ ಮಂಡಳಿಗಳಿವೆ. ಖರ್ಚಿನ ಮಾತೂ ಬರುತ್ತದೆ. ಆದರೆ 300 ದಿನಗಳೊಳಗಿನ ಬಾಕಿಯನ್ನು ನಿವೃತ್ತಿಯಾಗುವಾಗ ಸರ್ಕಾರ ಹೇಗೂ ನಗದಾಗಿ ಕೊಡುತ್ತದೆ, ಅದೂ ಹಿರಿಯ ನೌಕರನ ಕೊನೆಯ ಸಂಬಳದ ಲೆಕ್ಕದಲ್ಲಿ. ಅದರಲ್ಲೇ ಹತ್ತು ದಿನ ಕಿರಿಯಳಿಗೆ ಹೋಗಿದ್ದರೆ ಬೊಕ್ಕಸಕ್ಕೆ ಅಗ್ಗವೇ ಆಗುತ್ತಿತ್ತು.

ಹೆಡ್ ಕ್ಲರ್ಕ್ ಈಗ ನಿವೃತ್ತರು. ಹುಡುಗಿ ಕೆಲಸಕ್ಕೆ ಮರಳಿದ್ದಾಳೆ. ಮೂರು ತಿಂಗಳಿಗೊಮ್ಮೆ ಅಸಾರ್ವಾದ ಕ್ಯಾನ್ಸರ್ ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕು. ಜನವರಿಯಲ್ಲಿ ಹೊಸದಾಗಿ ಜಮೆಯಾಗುವ ರಜೆಯನ್ನು ಈಗಲೇ ಕ್ಯಾಲೆಂಡರಿನಲ್ಲಿ ಎಣಿಸಿ ಗುರುತು ಹಾಕಿಟ್ಟುಕೊಂಡಿದ್ದಾಳೆ.