ನಂಬರು ಇಳಿದ ಮಾತ್ರಕ್ಕೆ ಅಂಡಾಶಯ ಚಿಗುರಿತೇ?

40 ವರ್ಷ ತುಂಬುವ ಮೊದಲೇ ಅಂಡಾಶಯದ ಕೆಲಸ ಕುಗ್ಗಿ, ಮುಟ್ಟು ತಿಂಗಳುಗಟ್ಟಲೆ ಏರುಪೇರಾಗಿ ಅಥವಾ ನಿಂತೇ ಹೋಗಿ, ರಕ್ತದಲ್ಲಿ ಎಫ್‌ಎಸ್‌ಎಚ್ ಹಾರ್ಮೋನು 25 ಯೂನಿಟ್ ದಾಟಿದ್ದರೆ ಅದನ್ನು ಅಂಡಾಶಯದ ಅಕಾಲ ಕುಗ್ಗುವಿಕೆ ಎನ್ನುತ್ತಾರೆ. ನೂರರಲ್ಲಿ ಒಬ್ಬರಿಗೆ ಬರುತ್ತದೆ ಎಂಬುದು ಹಳೆಯ ಲೆಕ್ಕ. ಈಚಿನ ಅಂದಾಜು ನೂರಕ್ಕೆ ಮೂರೂವರೆ. ಕ್ಯಾನ್ಸರ್ ಔಷಧ, ವಿಕಿರಣ ಚಿಕಿತ್ಸೆ, ಅಂಡಾಶಯದ ಆಪರೇಷನ್, ಟರ್ನರ್ ಸಿಂಡ್ರೋಮ್‌ನಂಥ ವರ್ಣತಂತು ದೋಷ, ದೇಹ ತನ್ನ ಗ್ರಂಥಿಗಳ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ, ಇವು ಗೊತ್ತಿರುವ ಕಾರಣಗಳು. ಬಹಳ ಮಂದಿಯಲ್ಲಿ ಕಾರಣ ಸಿಗುವುದೇ ಇಲ್ಲ.

ಹೆಣ್ಣುಮಗು ಹುಟ್ಟುವಾಗಲೇ 10ರಿಂದ 20 ಲಕ್ಷ ಅಂಡಾಣು ಹೊತ್ತು ಬರುತ್ತದೆ. ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿದಿರುತ್ತದೆ. ಜೀವಮಾನದಲ್ಲಿ ಬಲಿತು ಹೊರಬೀಳುವುದು 400-500 ಮಾತ್ರ, ಮಿಕ್ಕವು ಒಳಗೇ ಕರಗುತ್ತವೆ. ಮುಗಿದ ಅಂಡಾಣುವನ್ನು ಮತ್ತೆ ಹುಟ್ಟಿಸಬಲ್ಲದೆಂದು ಸಾಬೀತಾದ ಔಷಧ ಯಾವ ವೈದ್ಯಪದ್ಧತಿಯಲ್ಲೂ ಇಲ್ಲ.

ಇಷ್ಟು ತಿಳಿದುಕೊಂಡು ಬೇರು, ಲೇಹ್ಯ, ಮಾತ್ರೆಗಳ ವಿಚಾರಕ್ಕೆ ಬರೋಣ. ದಸರಾ ಆನೆಗಳ ಗಜಪಯಣ ಹೊರಡುವ ವೀರನಹೊಸಹಳ್ಳಿಯ ಆಚೆಗೆ ನಾಗರಹೊಳೆ ಕಾಡು, ಈಚೆಗೆ ಹುಣಸೂರು ಸೀಮೆಯ ಹೊಗೆಸೊಪ್ಪಿನ ಹೊಲಗಳು. ಇಂಥ ಕಾಡಂಚಿನಲ್ಲಿ ಮಕ್ಕಳಾಗದವರಿಗೆ ಮೊದಲು ಸಿಗುವ ಸಲಹೆ ಹಲವು ಮಕ್ಕಳ ತಾಯಿ ಬೇರು, ಎಂದರೆ ಶತಾವರಿ. ಜೇನುಕುರುಬ, ಬೆಟ್ಟಕುರುಬ ಹಾಡಿಗಳ ಹಿರಿಯರ ಗಿಡಮೂಲಿಕೆಯ ಅರಿವು ದೊಡ್ಡದು, ಅದನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ. ಆಯುರ್ವೇದದಲ್ಲಿ ಫಲಘೃತವೆಂಬ ಔಷಧಿ ತುಪ್ಪವಿದೆ. ಪೇಟೆಗೆ ಹೋದರೆ ಕೋಎನ್‌ಜೈಮ್ ಕ್ಯೂ10, ಡಿಎಚ್‌ಇಎ ಮಾತ್ರೆಗಳು, ಅಕ್ಯುಪಂಕ್ಚರ್, ಅವರವರ ರಕ್ತದಿಂದಲೇ ತೆಗೆದು ಅಂಡಾಶಯಕ್ಕೆ ಚುಚ್ಚುವ ಪಿಆರ್‌ಪಿ. ಇವುಗಳಲ್ಲಿ ಯಾವುದನ್ನೇ ತೆಗೆದುಕೊಂಡವರೂ ಮೂರು ತಿಂಗಳ ಮೇಲೆ ಒಂದು ರಿಪೋರ್ಟ್ ಹಿಡಿದು ಬರುತ್ತಾರೆ: "ಮೇಡಂ, 48 ಇದ್ದ ಎಫ್‌ಎಸ್‌ಎಚ್ 19ಕ್ಕೆ ಇಳಿದಿದೆ. ಅಂಡಾಶಯ ಸರಿಹೋಯ್ತಲ್ಲ?"

ಜನ ಎಡವುವುದು ಇಲ್ಲೇ. ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಎಫ್‌ಎಸ್‌ಎಚ್ ಅಂಡಾಶಯದಲ್ಲಿ ಹುಟ್ಟುವುದಿಲ್ಲ. ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕೂಗು. ಹೊಲದ ಆ ತುದಿಯಲ್ಲಿರುವ ಮಗಳನ್ನು ಅಮ್ಮ ಬದುವಿನ ಮೇಲೆ ನಿಂತು ಕರೆಯುತ್ತಾಳೆ ಎಂದುಕೊಳ್ಳಿ. ಮಗಳು ಓಗೊಟ್ಟರೆ ಅಮ್ಮ ಸುಮ್ಮನಾಗುತ್ತಾಳೆ, ಇಲ್ಲದಿದ್ದರೆ ದನಿ ಏರಿಸುತ್ತಾಳೆ. ಅಂಡಾಶಯ ಓಗೊಡುವ ದನಿಯೇ ಈಸ್ಟ್ರೋಜನ್ ಮತ್ತು ಇನ್‌ಹಿಬಿನ್. ಅಂಡಾಣುಗಳ ಸಂಖ್ಯೆ ತಗ್ಗಿದಾಗ ಓಗೊಡುವ ದನಿ ಕ್ಷೀಣಿಸಿ ಕೂಗು ಜೋರಾಗುತ್ತದೆ. ಆದರೆ ನಡುವೆ ಬೇರೆ ಯಾರೋ "ಓ" ಎಂದರೂ ಅಮ್ಮ ಸುಮ್ಮನಾಗಿಬಿಡುತ್ತಾಳೆ, ಮಗಳು ಹೊಲದಲ್ಲಿ ಇದ್ದಾಳೋ ಇಲ್ಲವೋ ಅವಳಿಗೆ ತಿಳಿಯದು. ಹೊರಗಿನಿಂದ ಕೊಟ್ಟ ಈಸ್ಟ್ರೋಜನ್ ಮಾಡುವುದು ಇದನ್ನೇ. ಆಸ್ಪತ್ರೆಯ ಹಾರ್ಮೋನ್ ಮಾತ್ರೆ ನುಂಗಿದರೆ ಎಫ್‌ಎಸ್‌ಎಚ್ ಇಳಿಯುತ್ತದೆ, ಈಸ್ಟ್ರೋಜನ್ನನ್ನು ಹೋಲುವ ಅಂಶವಿರುವ ಗಿಡಮೂಲಿಕೆಯೂ ಇಳಿಸಬಹುದು. ಇಳಿದದ್ದು ಕೂಗು, ಹೆಚ್ಚಿದ್ದು ಅಂಡಾಣುವಲ್ಲ.

ಇನ್ನೊಂದು ಸಂಗತಿ ಗೊತ್ತಾದಾಗ ನನಗೇ ಅಚ್ಚರಿಯಾಗಿತ್ತು. ಕೂದಲು ಉದುರದಿರಲೆಂದು ಹೆಚ್ಚು ಪ್ರಮಾಣದ ಬಯೋಟಿನ್ ಮಾತ್ರೆ ನುಂಗುವವರ ರಕ್ತವನ್ನು ಕೆಲವು ಬಗೆಯ ಲ್ಯಾಬ್ ಯಂತ್ರಗಳು ಪರೀಕ್ಷಿಸಿದಾಗ ಎಫ್‌ಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣಿಸುತ್ತದೆ. ಅಲ್ಲಿ ಕೂಗು ಕೂಡ ಇಳಿದಿರುವುದಿಲ್ಲ, ಅಳತೆ ತಪ್ಪಿರುತ್ತದೆ. ಪರೀಕ್ಷೆಗೆ ಹೋಗುವಾಗ ನುಂಗುತ್ತಿರುವ ಎಲ್ಲವನ್ನೂ ತಪ್ಪದೆ ಹೇಳಿ.

ಹಾಗಾದರೆ ಬೇರು ತಿಂದು ಬಸುರಾದವರು ಸುಳ್ಳು ಹೇಳುತ್ತಾರೆಯೇ? ಖಂಡಿತ ಇಲ್ಲ. ಈ ಸ್ಥಿತಿಯಲ್ಲಿ ಅಂಡಾಶಯ ಒಂದೇ ಸಲಕ್ಕೆ ಮಲಗುವುದಿಲ್ಲ. ಕೆಲವು ತಿಂಗಳು ಸುಮ್ಮನಿದ್ದು ಇದ್ದಕ್ಕಿದ್ದಂತೆ ಒಂದು ಅಂಡಾಣುವನ್ನು ಬಲಿಸುವುದುಂಟು. ಯಾವ ಔಷಧವೂ ಇಲ್ಲದೆ ನೂರಕ್ಕೆ 5ರಿಂದ 10 ಮಂದಿಗೆ ಗರ್ಭ ನಿಲ್ಲುತ್ತದೆ. ನೂರು ಮಂದಿ ಒಂದೇ ಬೇರು ತಿಂದರೆ ಅವರಲ್ಲೂ ಇಷ್ಟು ಮಂದಿಗೆ ನಿಲ್ಲಬೇಕಷ್ಟೆ. ಆ ಐದು-ಹತ್ತು ಮಂದಿಯ ಸುದ್ದಿ ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಹರಡುತ್ತದೆ, ಮಿಕ್ಕ ಮಂದಿ ಯಾರಿಗೂ ಹೇಳದೆ ನೋಯುತ್ತಾರೆ.

ಇವುಗಳಲ್ಲಿ ಕೆಲವುಗಳ ಬಗ್ಗೆ ನನ್ನ ತೀರ್ಮಾನ ಹೀಗಿದೆ. ಶತಾವರಿಗಿರುವ ಆಧಾರ ಬಹುತೇಕ ಪ್ರಾಣಿಗಳ ಮೇಲಿನ ಪ್ರಯೋಗದ್ದು. ಡಿಎಚ್‌ಇಎ ಮತ್ತು ಪಿಆರ್‌ಪಿಯನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳುವಷ್ಟು ಆಧಾರ ಇನ್ನೂ ಸಿಕ್ಕಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಐವಿಎಫ್ ಮಾಡಿಸಿಕೊಳ್ಳುತ್ತಿದ್ದ 848 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಜವಾದ ಅಕ್ಯುಪಂಕ್ಚರ್ ಪಡೆದವರಿಗೂ ತೋರಿಕೆಯದನ್ನು ಪಡೆದವರಿಗೂ ಮಗು ಹುಟ್ಟಿದ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಯೋಗ ಮನಸ್ಸಿಗೆ, ನಿದ್ದೆಗೆ ಒಳ್ಳೆಯದು, ಧಾರಾಳವಾಗಿ ಮಾಡಿ. ಏನು ಬೆರೆಸಿದ್ದಾರೆಂದು ತಿಳಿಯದ ಪುಡಿ, ಭಸ್ಮಗಳನ್ನು ಮಾತ್ರ ಮುಟ್ಟಬೇಡಿ. ಭಾರತದಿಂದ ತರಿಸಿದ ಇಂಥ ಔಷಧಗಳಿಂದ ನ್ಯೂಯಾರ್ಕ್‌ನಲ್ಲಿ ಆರು ಗರ್ಭಿಣಿಯರ ರಕ್ತಕ್ಕೆ ಸೀಸ ಸೇರಿದ್ದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ವರದಿ ಮಾಡಿದೆ. ಸೀಸ ತಾಯಿಯಿಂದ ಮಗುವಿಗೂ ಇಳಿಯುತ್ತದೆ.

ಹೊಗೆಸೊಪ್ಪು ಬೆಳೆಯುವ ಈ ಸೀಮೆಯಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಅಂಡಾಣು ಸಾಯುವುದನ್ನು ಬೇಗ ಮಾಡುವ ವಸ್ತುಗಳಲ್ಲಿ ಹೊಗೆಸೊಪ್ಪಿನ ಹೊಗೆಗೆ ಇರುವಷ್ಟು ಗಟ್ಟಿ ಪುರಾವೆ ಬೇರೆ ಕೆಲವೇ ವಸ್ತುಗಳಿಗಿದೆ. ಹೊಗೆಯಲ್ಲಿರುವ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು ಅಂಡಾಣುವಿನೊಳಗಿನ ಒಂದು ಗ್ರಾಹಕಕ್ಕೆ ಅಂಟಿಕೊಂಡು, ಜೀವಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ಆದೇಶವನ್ನು ಎಬ್ಬಿಸುತ್ತವೆಂದು ಇಲಿಗಳಲ್ಲಿ 2001ರಲ್ಲೇ ತೋರಿಸಲಾಗಿದೆ. ಸೇದುವ ಹೆಂಗಸರ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ನಮ್ಮಲ್ಲಿ ಸೇದುವ ಹೆಂಗಸರು ಕಡಿಮೆ, ಆದರೆ ಮನೆಯೊಳಗೆ ಬೀಡಿ ಸೇದುವ ಗಂಡಸರು ಕಡಿಮೆಯಿಲ್ಲ. ಹೊಸ ಅಂಡಾಣು ಹುಟ್ಟಿಸಲಾಗದಿದ್ದರೂ ಇರುವುದನ್ನು ಸುಡದಿರಬಹುದು. ಬೀಡಿಯನ್ನು ಮನೆಯಿಂದ ಹೊರಗಿಡುವುದು ಕಾಸಿಲ್ಲದ ಪೂರಕ ಚಿಕಿತ್ಸೆ. ಎಲೆಅಡಿಕೆಯ ಜೊತೆ ಹಾಕುವ ಕಡ್ಡಿಪುಡಿಯನ್ನೂ ಬಿಡಿ, ಅದು ಹುಟ್ಟುವ ಮಗುವಿನ ತೂಕ ಇಳಿಸುತ್ತದೆ.

ಬಸುರಿನ ಚಿಂತೆಯಲ್ಲಿ ಮರೆತುಹೋಗುವುದು ಮೂಳೆ ಮತ್ತು ಹೃದಯ. 30ರಲ್ಲೇ ಈಸ್ಟ್ರೋಜನ್ ನಿಂತರೆ ಮೂಳೆ ಬೇಗ ಟೊಳ್ಳಾಗುತ್ತದೆ. ಬೇಡವೆನ್ನಲು ಬೇರೆ ಕಾರಣವಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಬೇಕು. ಮಾತ್ರೆಯ ಜೊತೆಗೆ ನಮ್ಮ ಮುದ್ದೆ ಇರಲಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಗು ಬೇಕೆನ್ನುವವರಿಗೆ ದಾನಿಯ ಅಂಡಾಣುವಿನ ದಾರಿ ನೆರವಿನ ಸಂತಾನೋತ್ಪತ್ತಿ ಕುರಿತ 2021ರ ಕಾಯ್ದೆಯ ಚೌಕಟ್ಟಿನಲ್ಲಿದೆ, ದಾನಿಗೆ 23ರಿಂದ 35 ವರ್ಷ, ಪಡೆಯುವವರಿಗೆ 50ರ ಮಿತಿ. ಬೇರಿನ ಪರೀಕ್ಷೆಯಲ್ಲಿ ಎರಡು ವರ್ಷ ಕಳೆದು ಆಮೇಲೆ ಇದನ್ನು ಕೇಳಲು ಬರಬೇಡಿ, ಮುಟ್ಟು ಏರುಪೇರಾದ ಮೂರ್ನಾಲ್ಕು ತಿಂಗಳಲ್ಲೇ ಬನ್ನಿ.

1908ರಷ್ಟು ಹಳೆಯ ಸರ್ಕಾರಿ ಆಯುರ್ವೇದ ಕಾಲೇಜು ಮತ್ತು 1924ರ ವೈದ್ಯಕೀಯ ಕಾಲೇಜು ಒಂದೇ ಮೈಸೂರಿನಲ್ಲಿವೆ, ಹೆಂಗಸರಿಗೆಂದೇ ಚೆಲುವಾಂಬ ಆಸ್ಪತ್ರೆ ಇದೆ. ಇವು ಮೂರೂ ಕೂಡಿ ಶತಾವರಿಯನ್ನು ಒಪ್ಪುವಂತೆ ಪರೀಕ್ಷಿಸಬಹುದು. ಅರ್ಧ ಮಂದಿಗೆ ಬೇರು, ಅರ್ಧ ಮಂದಿಗೆ ಅದರಂತೆಯೇ ಕಾಣುವ ಬರಿಯ ಪುಡಿ, ಕೊನೆಗೆ ಎಣಿಸುವುದು ಎಫ್‌ಎಸ್‌ಎಚ್ ನಂಬರನ್ನಲ್ಲ, ಹುಟ್ಟಿದ ಮಕ್ಕಳನ್ನು. ಇದನ್ನು ಓದುತ್ತಿರುವ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸವನ್ನು ಕೈಗೆತ್ತಿಕೊಳ್ಳಿ.